ನಿಮಗಿದು ಗೊತ್ತೇ? ಕೊಲ್ಲಾಪುರದ ಕಲ್ಲು ಓದಿದ ಇಂಗ್ಲಿಷ್ ಅಧಿಕಾರಿ

◆ ಇಂಗ್ಲೆಂಡಿನ ಅರಮನೆಯಲ್ಲಿ ‘ಹೆರಾಲ್ಡ್’ ಎಂಬ ಹುದ್ದೆಯೊಂದು ಇಂದಿಗೂ ಇದೆ. ಯಾವ ಮನೆತನದ್ದು ಯಾವ ಲಾಂಛನ, ಯಾರ ಅಜ್ಜ ಯಾರು, ಯಾರಿಗೆ ಯಾವ ಬಿರುದು ಸಲ್ಲಬೇಕು ಎಂದು ಲೆಕ್ಕವಿಡುವುದು ಈ ಅಧಿಕಾರಿಯ ಕೆಲಸ. 1660ರಲ್ಲಿ ವಿಂಡ್ಸರ್ ಹೆರಾಲ್ಡ್ ಆದ ಎಲಿಯಾಸ್ ಆಶ್ಮೋಲ್ ಹಳೆಯ ವಸ್ತುಗಳ ಹುಚ್ಚಿನವರು. ಅವರು ಕೊಟ್ಟ ಸಂಗ್ರಹದಿಂದಲೇ 1683ರಲ್ಲಿ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂ ಬಾಗಿಲು ತೆರೆಯಿತು. ಅವರು ಮದುವೆಯಾದದ್ದೂ ಇನ್ನೊಬ್ಬ ಹೆರಾಲ್ಡ್ ಮಗಳನ್ನೇ! 1668ರಲ್ಲಿ ಆಶ್ಮೋಲ್‌ಗೆ ಮಗಳನ್ನು ಕೊಟ್ಟ ವಿಲಿಯಂ ಡಗ್‌ಡೇಲ್ ಮುಂದೆ 1677ರಲ್ಲಿ ಹೆರಾಲ್ಡ್‌ಗಳಿಗೆಲ್ಲ ಹಿರಿಯರಾದ ‘ಗಾರ್ಟರ್’ ಪದವಿಗೇರಿದರು. ಮಾವ, ಅಳಿಯ ಇಬ್ಬರದೂ ಒಂದೇ ಕಸುಬು, ಒಂದೇ ಖಯಾಲಿ.

◆ ಇದೇ ಲೆಕ್ಕವನ್ನು ಅದಕ್ಕೂ ಐನೂರು ವರ್ಷ ಮೊದಲೇ ಕೊಲ್ಲಾಪುರದ ಶಿಲಾಹಾರ ಅರಸರು ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದರು. ಬಾವುಟದಲ್ಲಿ ಚಿನ್ನದ ಗರುಡ. ಕುಲದೇವಿ ಮಹಾಲಕ್ಷ್ಮಿಯಿಂದ ವರ ಪಡೆದವರೆಂಬ ಹೆಮ್ಮೆ. ಬಿರುದುಗಳ ಸಾಲಿನಲ್ಲಿ ‘ಮರುವಕ್ಕ ಸರ್ಪ’, ‘ಅಯ್ಯನ ಸಿಂಗ’, ‘ಶನಿವಾರಸಿದ್ಧಿ’, ‘ಗಿರಿದುರ್ಗಲಂಘನ’. ಶಾಸನ ಸಂಸ್ಕೃತದಲ್ಲಿದ್ದಾಗಲೂ ಮೊದಲೆರಡು ಬಿರುದುಗಳು ಕನ್ನಡದಲ್ಲೇ ಉಳಿದಿವೆ. ಶನಿವಾರವೇ ಕೈಗೂಡಿಬರುವ ಅರಸನೆಂದರೆ ಸಾಮಾನ್ಯನಲ್ಲ ಬಿಡಿ.

◆ ಈ ಬಿರುದಾವಳಿಗಳನ್ನು ಓದಿ, ಅಜ್ಜ ಮೊಮ್ಮಕ್ಕಳನ್ನು ಜೋಡಿಸಿ, ವಂಶವೃಕ್ಷ ಬರೆದವರಲ್ಲಿ ಮುಖ್ಯರು ಜಾನ್ ಫೇತ್‌ಫುಲ್ ಫ್ಲೀಟ್. 1847ರಲ್ಲಿ ಲಂಡನ್ ಹತ್ತಿರದ ಚಿಸ್ವಿಕ್‌ನಲ್ಲಿ ಹುಟ್ಟಿದವರು. 1867ರಲ್ಲಿ ಮುಂಬಯಿ ಸರ್ಕಾರದ ಸಿವಿಲ್ ಸೇವೆಗೆ ಸೇರಿದರು. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾದರು. 1875ರಲ್ಲಿ ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳಿಗೆ ಸಹಾಯಕ ಪೊಲಿಟಿಕಲ್ ಏಜೆಂಟ್, ಅಂದರೆ ದರಬಾರಿನ ಆಗುಹೋಗುಗಳ ಮೇಲೆ ಕಣ್ಣಿಡುವ ಬ್ರಿಟಿಷ್ ಅಧಿಕಾರಿ. ಆಗ ಕೊಲ್ಲಾಪುರದ ಗಾದಿಯ ಮೇಲಿದ್ದವರು 1871ರಲ್ಲಿ ದತ್ತು ಬಂದ ಬಾಲಕ, ನಾಲ್ಕನೇ ಶಿವಾಜಿ.

◆ ಫ್ಲೀಟ್ ಭಾರತಕ್ಕೆ ಬಂದದ್ದು ಬರಿಗೈಯಲ್ಲಲ್ಲ. ಹಡಗು ಹತ್ತುವ ಮೊದಲೇ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಥಿಯೊಡೋರ್ ಗೋಲ್ಡ್‌ಸ್ಟುಕರ್ ಎಂಬ ಘನ ಪಂಡಿತರ ಬಳಿ ಸಂಸ್ಕೃತ ಕಲಿತಿದ್ದರು. ಹಳಗನ್ನಡ ದಕ್ಕಿದ್ದು ಇಲ್ಲಿಗೆ ಬಂದ ಮೇಲೆ, ಕನ್ನಡ ಜಿಲ್ಲೆಗಳ ತಿರುಗಾಟದಲ್ಲಿ.

◆ ಈಗ ಅವರ ಮನೆಯ ಕಡೆ ಬನ್ನಿ, ಕತೆ ಇನ್ನೂ ಸೊಗಸಾಗಿದೆ. ತಾಯಿ ಎಸ್ತರ್ ಫೇತ್‌ಫುಲ್, ಸರ್ರೆಯ ಹೆಡ್ಲಿ ಎಂಬ ಊರಿನ ಪಾದ್ರಿಯ ಮಗಳು. ಬಣ್ಣ ಮತ್ತು ಚಿನ್ನದ ರೇಖೆಗಳಿಂದ ಅಕ್ಷರಗಳನ್ನು ಅಲಂಕರಿಸುವ ಹಳೆಯ ಕಲೆಯಲ್ಲಿ ಪಳಗಿದ ಕೈ ಆಕೆಯದು. ಆಕೆ ಅಲಂಕರಿಸಿದ ‘ಟೆ ಡಿಯಂ’ ಪ್ರಾರ್ಥನೆ 1868ರಲ್ಲಿ ಪುಸ್ತಕವಾಗಿ ಬಂತು. ಅದನ್ನು ಪ್ರಕಟಿಸಿದವರು ಬೇರಾರೂ ಅಲ್ಲ, ಆಕೆಯ ತಂಗಿ ಎಮಿಲಿ ಫೇತ್‌ಫುಲ್.

ಈ ಎಮಿಲಿ ಚಿಕ್ಕಮ್ಮನಿಗೆ ಒಂದು ಪ್ರತ್ಯೇಕ ಪುಟವೇ ಬೇಕು. 1860ರ ಮಾರ್ಚಿನಲ್ಲಿ ಆಕೆ ಲಂಡನ್ನಿನಲ್ಲಿ ‘ವಿಕ್ಟೋರಿಯಾ ಪ್ರೆಸ್’ ತೆರೆದು, ಮೊಳೆ ಜೋಡಿಸುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕೂರಿಸಿದರು. ಅಚ್ಚಿನ ಕೆಲಸ ಗಂಡಸರದು ಎಂದು ನಂಬಿದ್ದ ಕಾಲ. ಊರಿನ ಕಂಪೋಸಿಟರುಗಳು ಸುಮ್ಮನಿರಲಿಲ್ಲ. ಮೊಳೆಗಳನ್ನು ಕಲಸಿಹಾಕುವುದು, ಮಸಿ ಚೆಲ್ಲುವುದು ಎಲ್ಲ ನಡೆಯಿತು. ಎಮಿಲಿ ಜಗ್ಗಲಿಲ್ಲ. 1862ರಲ್ಲಿ ವಿಕ್ಟೋರಿಯಾ ರಾಣಿಯೇ ಆಕೆಯನ್ನು ತನ್ನ ಅಧಿಕೃತ ಮುದ್ರಕಿ, ಪ್ರಕಾಶಕಿ ಎಂದು ನೇಮಿಸಿದರು. ಹಾಗಾಗಿ ಆ ಕುಟುಂಬದಲ್ಲಿ ನಿಜವಾದ ಅರಮನೆಯ ಪದವಿ ಹೊತ್ತವರು ಕೊಲ್ಲಾಪುರಕ್ಕೆ ಬಂದ ಸಾಹೇಬರಲ್ಲ, ಅವರ ಚಿಕ್ಕಮ್ಮ! ಸಾಹೇಬರ ತಮ್ಮ ಹೆನ್ರಿ ಲೂಯಿ ಫ್ಲೀಟ್ ನೌಕಾಪಡೆ ಸೇರಿ ವೈಸ್ ಅಡ್ಮಿರಲ್ ಆದರು.

ತಾಯಿ ಅಕ್ಷರ ಬರೆದರು, ಚಿಕ್ಕಮ್ಮ ಅಕ್ಷರ ಜೋಡಿಸಿದರು, ಮಗ ಸವೆದುಹೋದ ಅಕ್ಷರ ಓದಿದರು. ಒಂದು ಗೀಟು ಅತ್ತಿತ್ತಾದರೂ ಸಹಿಸದ ಫ್ಲೀಟರ ಹಟ ಎಲ್ಲಿಂದ ಬಂತೆಂದು ನಾನು ಬಹಳ ಹುಡುಕುವುದಿಲ್ಲ.

◆ ಶಿಲಾಹಾರರು ತಮ್ಮನ್ನು ‘ತಗರಪುರವರಾಧೀಶ್ವರ’ರೆಂದು ಕರೆದುಕೊಳ್ಳುತ್ತಿದ್ದರು. ಈ ತಗರ ಯಾವ ಊರು? ಗ್ರೀಕ್ ಬರಹಗಳಲ್ಲೂ ಬರುವ ಈ ಪಟ್ಟಣವನ್ನು ಒಬ್ಬರು ಜುನ್ನರ ಎಂದರು, ಇನ್ನೊಬ್ಬರು ದೇವಗಿರಿ ಎಂದರು. ಫ್ಲೀಟ್ ಮೊದಲು ‘ಕೊಲ್ಲಾಪುರವೇ ತಗರ’ ಎಂದು ವಾದಿಸಿದ್ದರು. ಆದರೆ 1901ರಲ್ಲಿ ಅವರೇ ಮತ್ತೊಂದು ಲೇಖನ ಬರೆದು, ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್ ಎಂದು ತೋರಿಸಿಕೊಟ್ಟರು. ವಿದ್ವಾಂಸರು ಇಂದಿಗೂ ಒಪ್ಪುವುದು ಈ ಎರಡನೆಯ ಮಾತನ್ನೇ. ಹಳೆಯ ವಾದವನ್ನು ಹಟಕ್ಕಾಗಿ ಎಳೆಯುವ ಪಂಡಿತರೇ ಹೆಚ್ಚಿರುವ ಲೋಕದಲ್ಲಿ ಇದು ದೊಡ್ಡ ಗುಣ.

◆ ಇಚಲಕರಂಜಿಗೆ ಹತ್ತಿರದ ಹಾತಕಣಂಗಲೆ ತಾಲ್ಲೂಕಿನಲ್ಲಿ ಆಳತೆ ಎಂಬ ಊರಿದೆ. ಅಲ್ಲಿಯ ತಾಮ್ರಪಟದ ಪ್ರಕಾರ ಚಾಲುಕ್ಯ ಒಂದನೇ ಪುಲಕೇಶಿಯ ಕಾಲದಲ್ಲಿ, ಶಕ 411ರಲ್ಲಿ, ಸಾಮಿಯಾರ ಎಂಬ ಸಾಮಂತ ‘ಅಲಕ್ತಕನಗರ’ದಲ್ಲಿ ಜಿನಾಲಯ ಕಟ್ಟಿಸಿದ. ಶಕ 411 ಎಂದರೆ ಕ್ರಿ.ಶ. 489. ಫ್ಲೀಟ್ ‘ಇದು ಖೊಟ್ಟಿ’ ಎಂದುಬಿಟ್ಟರು. ಆ ತಾರೀಖು, ಆ ಲಿಪಿ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅವರು ತೀರಿಕೊಂಡು ಕಾಲು ಶತಮಾನದ ಹೊತ್ತಿಗೆ, 1941ರಲ್ಲಿ, ಬಾದಾಮಿ ಕೋಟೆಯ ಬಂಡೆಯ ಮೇಲೆ ಇದೇ ಪುಲಕೇಶಿಯ ನಿಜವಾದ ಶಾಸನ ಸಿಕ್ಕಿತು. ಅದರ ತಾರೀಖು ಶಕ 465, ಕ್ರಿ.ಶ. 543. ಹಾಗಂತ ಆಳತೆಯ ಪಟವನ್ನು ಮೂಲೆಗೆ ಎಸೆಯುವಂತಿಲ್ಲ. ಖೊಟ್ಟಿ ಪತ್ರವನ್ನೂ ಯಾರೋ ಯಾವುದೋ ಜಮೀನಿನ ಹಕ್ಕಿಗಾಗಿಯೇ ಬರೆಸಿರುತ್ತಾರಲ್ಲ!

◆ ಗಡಹಿಂಗ್ಲಜದ ಕಡೆಯವರಿಗೆ ಸಾಮಾನಗಡ ಗೊತ್ತೇ ಇರುತ್ತದೆ. ಆ ಕೋಟೆಯ ಹೆಸರು ಇತಿಹಾಸದಲ್ಲಿ ಮುಖ್ಯವಾಗಿ ಎರಡು ಸಲ ಬರುತ್ತದೆ, ಎರಡರ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರ. ಅಲ್ಲಿ ಸಿಕ್ಕ ರಾಷ್ಟ್ರಕೂಟ ದಂತಿದುರ್ಗನ ತಾಮ್ರಪಟದ ತಾರೀಖು ಶಕ 675, ಅಂದರೆ ಕ್ರಿ.ಶ. 753-54. ಕಂಚಿಯ ಅರಸ, ಕೇರಳ, ಚೋಳ, ಪಾಂಡ್ಯ, ಹರ್ಷ, ವಜ್ರಟ ಇವರನ್ನೆಲ್ಲ ಸೋಲಿಸಿದ್ದ ‘ಕರ್ಣಾಟಕ ಬಲ’ವನ್ನು ದಂತಿದುರ್ಗ ಕೆಲವೇ ಜನರನ್ನು ಕಟ್ಟಿಕೊಂಡು ಗೆದ್ದ ಎನ್ನುತ್ತದೆ ಆ ಪಟ. ಆ ಬಲ ಬಾದಾಮಿ ಚಾಲುಕ್ಯರ ಸೈನ್ಯ. ಫ್ಲೀಟ್ ಇದನ್ನು 1882ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದರು. ಅಕ್ಷರಗಳ ರೂಪ ನೋಡಿ ಈ ಪಟದ ಮೇಲೂ ಮುಂದಿನವರು ಅನುಮಾನಪಟ್ಟಿದ್ದಾರೆ. ಆದರೆ ಅದು ಹೇಳುವ ಗೆಲುವು ಸುಳ್ಳಲ್ಲ, ಬಾದಾಮಿಯ ರಾಜ್ಯ ಆ ಹೊಡೆತದಿಂದ ಮೇಲೇಳಲಿಲ್ಲ.

ಎರಡನೆಯ ಸಲ 1844. ಕಂದಾಯದ ಹೊಸ ಕಟ್ಟುಪಾಡಿನಿಂದ ಕೋಟೆ ಕಾಯುವ ಗಡಕರಿಗಳ ಇನಾಮು ಜಮೀನಿಗೆ ಕುತ್ತು ಬಂದಾಗ ಅವರು ದಂಗೆಯೆದ್ದದ್ದು ಸಾಮಾನಗಡದಲ್ಲೇ. ಬ್ರಿಟಿಷ್ ಸೈನ್ಯ ಬಂದು ಅಡಗಿಸಿತು, ಸಂಸ್ಥಾನದ ಆಡಳಿತ ಇಂಗ್ಲಿಷ್ ಅಧಿಕಾರಿಯ ಕೈಗೆ ಹೋಯಿತು.

◆ ಆ ಅಧಿಕಾರಿ ಡಿ. ಸಿ. ಗ್ರಹಾಂ. ದಂಗೆ ಅಡಗಿದ ನಾಡನ್ನು ಅಳೆದು ಎಣಿಸಲು ಹೊರಟವರು ಕೋಟೆ, ಬೆಳೆ, ಜಾತಿ, ತೆರಿಗೆಗಳ ಜೊತೆಗೆ ದೇವಸ್ಥಾನದ ಕಲ್ಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. 1854ರಲ್ಲಿ ಅಚ್ಚಾದ ಅವರ ಕೊಲ್ಲಾಪುರ ವರದಿಯಲ್ಲಿ ಶಾಸನಗಳ ಪಾಠ, ಅನುವಾದಗಳಿವೆ. ಹೇರ್ಲೆ ಗ್ರಾಮದ, ಶಿಲಾಹಾರ ಅರಸ ಗಂಡರಾದಿತ್ಯನ ಕಾಲದ ಶಾಸನ, ಶಕ 1040ರದು, ಮೊದಲು ಬೆಳಕು ಕಂಡದ್ದು ಅಲ್ಲಿ.

◆ ಅವರಿಗೂ ಹಿಂದಿನವರು ಸ್ಕಾಟ್ಲೆಂಡಿನ ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ ಮೇಲೆ ರಾಣಿ ಚೆನ್ನಮ್ಮನ ಸೆರೆಯಾಳಾಗಿದ್ದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬರು ಇವರೇ! ಬದುಕಿ ಬಂದವರು ಈ ನಾಡಿನ ಶಾಸನಗಳನ್ನು ನಕಲು ಮಾಡಿಸತೊಡಗಿದರು. ಒಟ್ಟು 595. ಕೊನೆಗಾಲದಲ್ಲಿ ಕಣ್ಣು ಪೂರ್ತಿ ಹೋದರೂ ಓದಿಸಿ ಬರೆಸಿ ಕೆಲಸ ಮುಂದುವರಿಸಿದರು. 1887ರಲ್ಲಿ ತೀರಿಕೊಂಡರು.

◆ ಎಲಿಯಟ್ ನಕಲುಗಳು ಕೈಬರಹದವು. ಕಲ್ಲು ನೋಡಿ ಬರೆದುಕೊಂಡವ ತನಗೆ ತಿಳಿದಂತೆ ಬರೆದ. ಫ್ಲೀಟ್‌ಗೆ ಇದು ಆಗಿಬರಲಿಲ್ಲ. ಕಲ್ಲಿನ ಅಚ್ಚೇ ಬೇಕು ಎಂದರು. ಅಚ್ಚು ತೆಗೆಯುವುದು ಹೀಗೆ: ಮೊದಲು ಕಲ್ಲಿನ ಮೇಲಿನ ಎಣ್ಣೆ, ಸುಣ್ಣ, ಪಾಚಿಯನ್ನು ನೀರು ಹಾಕಿ ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ನೆನೆಸಿದ ಕಾಗದವನ್ನು ಸುಕ್ಕಿಲ್ಲದಂತೆ ಹಾಸಬೇಕು. ಗಟ್ಟಿ ಕೂದಲಿನ ಬ್ರಷ್‌ನಿಂದ ಟಪಟಪ ಬಡಿಯುತ್ತ ಹೋದರೆ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಜೋರು ಬಿದ್ದರೆ ಹರಿಯಿತು, ಮೆತ್ತಗಾದರೆ ಅಕ್ಷರ ಮೂಡಲಿಲ್ಲ. ಅರ್ಧ ಒಣಗಿದಾಗ ಬಟ್ಟೆಯ ಗಂಟಿಗೆ ಮಸಿ ತಾಕಿಸಿ ಮೇಲೆ ಮೇಲೆ ಒತ್ತಬೇಕು. ಉಬ್ಬಿದ ಕಲ್ಲೆಲ್ಲ ಕಪ್ಪಾಗಿ, ತಗ್ಗಿನ ಅಕ್ಷರ ಬಿಳಿಯಾಗಿ ನಿಲ್ಲುತ್ತದೆ. ಆಮೇಲೆ ತುದಿ ಹಿಡಿದು ಬಿಡಿಸಿದರೆ ಶಾಸನ ಮನೆಗೆ ಬಂದಂತೆ. ಬಿಸಿಲು ಏರುವ ಮೊದಲೇ ಇದನ್ನು ಮುಗಿಸಬೇಕು, ಇಲ್ಲವಾದರೆ ಕಾಗದ ಕಲ್ಲಿನ ಮೇಲೆಯೇ ಒಣಗಿ ಏಳುತ್ತದೆ. ಸಾಹೇಬರ ಹೆಸರಿನಲ್ಲಿ ಅಚ್ಚಾದ ಎಷ್ಟೋ ಶಾಸನಗಳ ಹಿಂದೆ ಬ್ರಷ್ ಹಿಡಿದು ಬಡಿದ ಊರಿನ ಕೈಗಳಿವೆ, ಅವರ ಹೆಸರು ಪುಸ್ತಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

◆ ಫ್ಲೀಟರ ಕೆಲಸದ ಪಟ್ಟಿ ನೋಡಿ. 1878ರಲ್ಲಿ ಪುರಾತತ್ವ ವಿದ್ವಾಂಸ ಬರ್ಜೆಸ್ ಜೊತೆ ಪಾಳಿ, ಸಂಸ್ಕೃತ, ಹಳಗನ್ನಡ ಶಾಸನಗಳ ಸಂಪುಟ. 1881ರಲ್ಲಿ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ. 1883ರಲ್ಲಿ ಭಾರತ ಸರ್ಕಾರದ ಮೊದಲ ಶಾಸನತಜ್ಞನ ಹುದ್ದೆ. 1888ರಲ್ಲಿ ಗುಪ್ತರ ಶಾಸನ ಸಂಪುಟ, ಗುಪ್ತ ಶಕ ಆರಂಭವಾದದ್ದು ಕ್ರಿ.ಶ. 319-20ರಲ್ಲಿ ಎಂಬ ತೀರ್ಮಾನ. ಇಷ್ಟೆಲ್ಲ ಮಾಡಿದವರಿಗೆ ಈ ಹತ್ತು ವರ್ಷಗಳ ಬಹುಭಾಗ ಸಂಬಳ ಸಿಗುತ್ತಿದ್ದದ್ದು ಕಂದಾಯ, ಕಚೇರಿ ಕೆಲಸಕ್ಕೆ!

◆ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಮೊದಲು ಅಚ್ಚು ಹಾಕಿಸಿದ್ದು ರಾಯಣ್ಣನನ್ನು ಗಲ್ಲಿಗೇರಿಸಿದ ಸರ್ಕಾರದ ಅಧಿಕಾರಿಯೇ. 1885ರಿಂದ ಫ್ಲೀಟ್ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದರು. ರಾಯಣ್ಣನದು ಒಂದು, 1857ರಲ್ಲಿ ಹತಾರ ಒಪ್ಪಿಸಲು ಒಲ್ಲೆನೆಂದ ಹಲಗಲಿ ಬೇಡರದು ಇನ್ನೊಂದು. ಆದಾಯ ತೆರಿಗೆಯನ್ನು ಕುರಿತ ಲಾವಣಿಯೂ ಇದೆ! ತೆರಿಗೆ ವಸೂಲಿಯ ಇಲಾಖೆಯವರೇ ತೆರಿಗೆಯ ಮೇಲಿನ ಹಾಡು ಕೂಡಿಟ್ಟರು. ಹಾಡಿದವರಿಗೆ ಸಾಹೇಬರ ಮುಂದೆ ಎಷ್ಟು ಅಳುಕಿತ್ತೋ!

◆ ಫ್ಲೀಟ್ ಜಗಳಗಂಟಿಯೂ ಹೌದು. ಮೈಸೂರಿನಲ್ಲಿ ಬಿ. ಎಲ್. ರೈಸ್ ಪ್ರಕಟಿಸುತ್ತಿದ್ದ ಗಂಗರ ತಾಮ್ರಪಟಗಳನ್ನು ಒಂದರ ಹಿಂದೊಂದು ಖೊಟ್ಟಿ ಎಂದು ಹೇಳುತ್ತ ಹೋದರು. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಬಿಟ್ಟಾರೆಯೇ? ವರ್ಷಗಟ್ಟಲೆ ವಾದ ನಡೆಯಿತು. ಖೊಟ್ಟಿ ಪಟಗಳಿದ್ದದ್ದು ನಿಜ, ಆದರೆ ಗಂಗರ ವಿಷಯದಲ್ಲಿ ಫ್ಲೀಟ್ ಅತಿಯಾಗಿ ಅನುಮಾನಿಸಿದರೆಂದೇ ಮುಂದಿನ ಸಂಶೋಧನೆ ಹೇಳಿತು. ‘ಕವಿರಾಜಮಾರ್ಗ’ದಲ್ಲಿ ಮಾತ್ರ ಅವರ ಮೂಗು ಸರಿಯಾದ ವಾಸನೆ ಹಿಡಿದಿತ್ತು. ಇದನ್ನು ಬರೆದದ್ದು ಸ್ವತಃ ನೃಪತುಂಗನಲ್ಲ, ಅವನ ಆಸ್ಥಾನದ ಕವಿ ಎಂದು 1904ರಲ್ಲೇ ವಾದಿಸಿದರು. ಆ ಕವಿಯ ಹೆಸರು ಕವೀಶ್ವರ ಎಂದದ್ದು ನಿಲ್ಲಲಿಲ್ಲ, ಇಂದು ನಾವು ಶ್ರೀವಿಜಯ ಎನ್ನುತ್ತೇವೆ.

◆ ಬಸವಣ್ಣನವರ ಬಳಿ ಹಡಪದ ಅಪ್ಪಣ್ಣ ಇದ್ದದ್ದು ಎಲ್ಲರಿಗೂ ಗೊತ್ತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕೊಲ್ಲಾಪುರ ನಾಡಿನಲ್ಲೂ ಒಬ್ಬ ಹಡಪದವನಿದ್ದ. ಹೆಸರು ವಾಸುದೇವ, ಸಾಮಂತ ಕಾಮದೇವನ ಹಡಪವಳ, ಎಂದರೆ ಎಲೆ ಅಡಿಕೆಯ ಚೀಲ ಹಿಡಿಯುವವ. ಮಾಘನಂದಿ ಮುನಿಗಳ ಶಿಷ್ಯ. ಅವನು ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಶಿಲಾಹಾರ ವಿಜಯಾದಿತ್ಯ 1143ರಲ್ಲಿ ದಾನ ಕೊಟ್ಟ. ದಿನ ಮಾಘ ಹುಣ್ಣಿಮೆ, ಚಂದ್ರಗ್ರಹಣ. ದಾನದಲ್ಲಿ ಕುಂಡಿಯ ಕೋಲಿನಿಂದ ಅಳೆದ ಕಾಲು ನಿವರ್ತನ ಹೊಲವಿದೆ, 12 ಮೊಳದ ಒಂದು ಮನೆಯಿದೆ. ಬಸದಿಯ ಊರು ‘ಹಾವಿನ ಹೇರಿಲಗೆ’. ಕೊಲ್ಲಾಪುರದ ಶುಕ್ರವಾರ ಬಾಗಿಲ ಬಳಿ ಸಿಕ್ಕ ಈ ಶಾಸನದ ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಓದಿ ಪ್ರಕಟಿಸಿದವರು ಜರ್ಮನಿಯ ಕೀಲ್‌ಹಾರ್ನ್. ಚೀಲ ಹಿಡಿಯುವವನೂ ಬಸದಿ ಕಟ್ಟಿಸಬಲ್ಲ ದರಬಾರು ಅದು.

◆ ಶಕ 1058ರ ಕೊಲ್ಲಾಪುರ ಶಾಸನ ಕನ್ನಡದ್ದು. ನಿಂಬದೇವ ಸಾಮಂತ ಕಟ್ಟಿಸಿದ ಬಸದಿಗೆ ಬೇರೆ ಬೇರೆ ಊರುಗಳ ವೀರಬಣಂಜು ವರ್ತಕರು ಸೇರಿ ತಮ್ಮ ಸರಕಿನ ಮೇಲೆ ಸುಂಕ ಹಾಕಿಕೊಂಡು ಕೊಟ್ಟ ದಾನದ ದಾಖಲೆ. ಇದನ್ನು ಸಂಪಾದಿಸಿದವರು ಬ್ರಿಟಿಷ್ ಮ್ಯೂಸಿಯಮ್ಮಿನ ಬಾರ್ನೆಟ್. ಇಂದು ಮಗ್ಗದ ಊರಾದ ಇಚಲಕರಂಜಿಯ ಸೀಮೆಯಲ್ಲಿ ವ್ಯಾಪಾರಿಗಳ ಸಂಘಟನೆ ಹೊಸದಲ್ಲ.

◆ ಗಡಹಿಂಗ್ಲಜದ ನೆರೆಯ ಆಜರಾದಲ್ಲಿ ಕುಳಿತು ಶಕ 1127ರಲ್ಲಿ, ಅಂದರೆ 1205ರಲ್ಲಿ, ಸೋಮದೇವ ಎಂಬ ಜೈನ ವಿದ್ವಾಂಸ ‘ಶಬ್ದಾರ್ಣವಚಂದ್ರಿಕೆ’ ಎಂಬ ಸಂಸ್ಕೃತ ವ್ಯಾಕರಣ ಗ್ರಂಥ ಬರೆದು ಮುಗಿಸಿದರು. ಊರಿನ ಹೆಸರು ಗ್ರಂಥದಲ್ಲಿ ‘ಆಜುರಿಕಾ’ ಎಂದಿದೆ. ಅರಸ ಎರಡನೇ ಭೋಜ. ಮುಂದೆ ಕೆಲವೇ ವರ್ಷಗಳಲ್ಲಿ ದೇವಗಿರಿಯ ಸಿಂಘಣ ಬಂದು ಭೋಜನನ್ನು ಸೋಲಿಸಿದ, ಶಿಲಾಹಾರರ ಕತೆ ಮುಗಿಯಿತು.

◆ ಗಂಡರಾದಿತ್ಯ ಕಟ್ಟಿಸಿದ ಕೆರೆಯ ಹೆಸರು ಗಂಡಸಮುದ್ರ. 1110ರ ತಾಮ್ರಪಟದ ಪ್ರಕಾರ ಅದರ ದಂಡೆಯ ಮೇಲೆ ಅವನು ನಿಲ್ಲಿಸಿದ್ದು ಶಿವ, ಬುದ್ಧ, ಜಿನ ಮೂವರನ್ನೂ.

◆ ಸಿಂಘಣನ ಶಾಸನವೊಂದು ಕೃಷ್ಣೆಯ ದಡದ ಖಿದ್ರಾಪುರದ ಕೋಪೇಶ್ವರ ದೇವಸ್ಥಾನದಲ್ಲಿದೆ. ಅದನ್ನೂ ಫ್ಲೀಟ್ ಪ್ರಕಟಿಸಿದ್ದರು. ಅಲ್ಲಿಯ ಸ್ವರ್ಗಮಂಟಪಕ್ಕೆ 48 ಕಂಬ, ನಡುವೆ ಆಕಾಶಕ್ಕೆ ತೆರೆದ ವೃತ್ತ. ಶಿವನ ಎದುರು ನಂದಿ ಮಾತ್ರ ಇಲ್ಲ! ನಂದಿ ಚಿಕ್ಕೋಡಿ ಕಡೆಯ ಯಡೂರಿನಲ್ಲಿದ್ದಾನೆ ಎನ್ನುತ್ತದೆ ಸ್ಥಳಪುರಾಣ. ದೇವರು ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ. ಗಡಿ ಗೆರೆ ಎಳೆದವರು ಇದನ್ನು ಕೇಳಿರಲಿಕ್ಕಿಲ್ಲ.

◆ ಫ್ಲೀಟ್‌ಗಿಂತ ಮೊದಲು ಕೊಲ್ಲಾಪುರದ ಸಹಾಯಕ ಪೊಲಿಟಿಕಲ್ ಏಜೆಂಟ್ ಆಗಿದ್ದ ಕ್ಯಾಪ್ಟನ್ ಇ. ಡಬ್ಲ್ಯು. ವೆಸ್ಟ್ ಕೂಡ ಬರಹಗಾರ. 1869ರಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಚರಿತ್ರೆ ಬರೆದರು. ಮರುವರ್ಷ ಇಪ್ಪತ್ತರ ಹರೆಯದ ರಾಜಾರಾಮ ಮಹಾರಾಜರ ಜೊತೆ ವಿಲಾಯತಿಗೆ ಹೋದರು. ವಿಕ್ಟೋರಿಯಾ ರಾಣಿಯನ್ನು ಕಂಡು ಮರಳುವಾಗ ಮಹಾರಾಜರು 1870ರ ನವೆಂಬರ್ 30ರಂದು ಇಟಲಿಯ ಫ್ಲಾರೆನ್ಸಿನಲ್ಲಿ ತೀರಿಕೊಂಡರು. ಆರ್ನೋ ನದಿಯ ದಡದಲ್ಲಿ ಹಿಂದೂ ವಿಧಿಯಂತೆ ದಹನ ನಡೆಯಿತು. ಅಲ್ಲಿಯ ಸ್ಮಾರಕಕ್ಕೆ ಊರಿನವರು ‘ಇಂಡಿಯಾನೊ’ ಎನ್ನುತ್ತಾರೆ. ಮಹಾರಾಜರ ದಿನಚರಿಯನ್ನು ವೆಸ್ಟ್ 1872ರಲ್ಲಿ ಪುಸ್ತಕ ಮಾಡಿದರು.

◆ ಕೊಲ್ಲಾಪುರದ ಶಾಹು ಮಹಾರಾಜರು ಆಡಳಿತ ವಹಿಸಿಕೊಳ್ಳುವ ಮೊದಲು ಕೆಲವು ವರ್ಷ ಓದಿದ್ದು ಧಾರವಾಡದಲ್ಲಿ. ಗುರು ಸ್ಟುವರ್ಟ್ ಫ್ರೇಸರ್. ಇದೇ ಫ್ರೇಸರ್ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುವಾದರು.

◆ ಸಾಹೇಬರುಗಳೆಲ್ಲ ಹೋದ ಮೇಲೆ ಕೆಲಸ ಹಿಡಿದವರು ನಮ್ಮವರೇ, ಕೆ. ಜಿ. ಕುಂದಣಗಾರ. ಗೋಕಾಕ ಸೀಮೆಯ ಕೌಜಲಗಿಯವರು, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರು. ಫ್ಲೀಟ್ ಬಿಟ್ಟುಹೋದ, ಕೀಲ್‌ಹಾರ್ನ್ ಕಾಣದ ಕಲ್ಲುಗಳನ್ನು ಊರೂರು ಅಲೆದು ಓದಿ, ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಪ್ರಕಟಿಸಿದರು. ಪಂಚಗಂಗೆಯ ದಡದ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ಅಗೆಸಿದವರೂ ಅವರೇ. ಆ ದಿಬ್ಬದಲ್ಲಿ ಸಿಕ್ಕದ್ದು ಗ್ರೀಕರ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ಕಂಚಿನ ಮೂರ್ತಿ! ಆಮೇಲೆ ಪುರಾತತ್ವಜ್ಞರಾದ ಸಂಕಾಲಿಯಾ ಮತ್ತು ದೀಕ್ಷಿತ್ 1945-46ರಲ್ಲಿ ಅಲ್ಲಿ ವ್ಯವಸ್ಥಿತ ಉತ್ಖನನ ನಡೆಸಿದರು. 1961ರ ಗದಗ ಸಾಹಿತ್ಯ ಸಮ್ಮೇಳನಕ್ಕೆ ಕುಂದಣಗಾರರೇ ಅಧ್ಯಕ್ಷರು. ಫ್ಲೀಟರನ್ನು ನೆನೆಯುವಷ್ಟು ಇವರನ್ನು ನಾವು ನೆನೆಯುವುದಿಲ್ಲ, ಇದು ನ್ಯಾಯವಲ್ಲ.

◆ ಫ್ಲೀಟ್ 1897ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಕನ್ನಡ ಶಾಸನಗಳ ಕೆಲಸವನ್ನು ಅಲ್ಲಿಯೂ ಬಿಡಲಿಲ್ಲ. ರಾಯಲ್ ಏಷ್ಯಾಟಿಕ್ ಸೊಸೈಟಿಯ ಗೌರವ ಕಾರ್ಯದರ್ಶಿಯಾದರು, 1912ರಲ್ಲಿ ಅದರ ಚಿನ್ನದ ಪದಕ ಪಡೆದರು. 1917ರ ಫೆಬ್ರವರಿಯಲ್ಲಿ ಲಂಡನ್ ಬಳಿಯ ಈಲಿಂಗ್‌ನಲ್ಲಿ ತೀರಿಕೊಂಡರು.

◆ ಕೊನೆಗೊಂದು ಮಾತು. ಅಂಬಾಬಾಯಿಯ ದರ್ಶನಕ್ಕೆ ಹೋದವರು ಕೊಲ್ಲಾಪುರದ ಟೌನ್ ಹಾಲ್ ಮ್ಯೂಸಿಯಂ ನೋಡದೆ ಬಸ್ಸು ಹತ್ತಬೇಡಿ, ಪೊಸೈಡನ್ ಅಲ್ಲಿದ್ದಾನೆ. ಇನ್ನು ನಿಮ್ಮೂರಿನ ಗುಡಿಯ ಮುಂದೆ, ಅಗಸೆಯ ಪಕ್ಕ ಅಕ್ಷರ ಕೆತ್ತಿದ ಕಲ್ಲಿದ್ದರೆ ಜಾತ್ರೆಗೆಂದು ಅದಕ್ಕೆ ಆಯಿಲ್ ಪೇಂಟ್ ಬಳಿಯಬೇಡಿ. ಬಣ್ಣ ಅಕ್ಷರದ ತಗ್ಗಿನಲ್ಲಿ ಕೂತರೆ ಯಾವ ಕಾಗದವೂ ಅಲ್ಲಿಗೆ ಇಳಿಯುವುದಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದು ಫೋಟೊ ತೆಗೆದು ಹತ್ತಿರದ ಪುರಾತತ್ವ ಇಲಾಖೆಗೆ ಕಳಿಸಿ.